ಜೋಳದ ಅಧ್ಯಾಯ

ನಾನು ಲಿಂಗಸುಗೂರಿನ ಒಂದು ಕಾಲೇಜಿನಲ್ಲಿ ಇತಿಹಾಸ ಕಲಿಸುವ ಅತಿಥಿ ಉಪನ್ಯಾಸಕಿ. ಹೆಸರು ನಾಗವೇಣಿ. ಅತಿಥಿಯಾಗಿ ಇಪ್ಪತ್ತು ವರ್ಷದ ಮೇಲಾಯಿತು. ಇಷ್ಟು ದಿನ ಉಳಿದ ಅತಿಥಿಯನ್ನು ಯಾವ ಮನೆಯವರೂ ಸಹಿಸುವುದಿಲ್ಲ, ಕಾಲೇಜಿನವರು ಮಾತ್ರ ಸಹಿಸುತ್ತಾರೆ. ಬಾ ಅನ್ನುವುದಿಲ್ಲ, ಹೋಗು ಅನ್ನುವುದೂ ಇಲ್ಲ; ವರ್ಷವರ್ಷ ಮತ್ತೆ ಅರ್ಜಿ ಹಾಕು ಅನ್ನುತ್ತಾರೆ. ಮನೆ ಸಿಂಧನೂರಿನಲ್ಲಿ. ಬೆಳಿಗ್ಗೆ ಒಂದು ಬಸ್ಸು ಹತ್ತಿ ಮಸ್ಕಿಯಲ್ಲಿ ಇಳಿಯುತ್ತೇನೆ, ಅಲ್ಲಿಂದ ಇನ್ನೊಂದು ಬಸ್ಸು. ಸಂಜೆ ಅದೇ ದಾರಿ ತಿರುಗಿ. ಮೊಣಕಾಲು ನೋವು ಶುರುವಾದ ಮೇಲೆ ಬಸ್ಸಿನ ಮೊದಲ ಮೆಟ್ಟಿಲು ವರ್ಷದಿಂದ ವರ್ಷಕ್ಕೆ ಎತ್ತರವಾಗುತ್ತಿದೆ.

ಈ ಓಡಾಟದಲ್ಲೇ ಒಂದು ಪುಸ್ತಕ ಬರೆದೆ. ಆಫ್ರಿಕಾ ಖಂಡದ ಇತಿಹಾಸ, ಮುನ್ನೂರು ಚಿಲ್ಲರೆ ಪುಟ. ಇದೇನು ಹುಚ್ಚು ಎಂದು ಕೇಳಿದವರಿಗೆಲ್ಲ ಒಂದೊಂದು ಉತ್ತರ ಕೊಟ್ಟಿದ್ದೇನೆ. ನಿಜವಾದ ಉತ್ತರ ಸಿಟ್ಟು. ನಮ್ಮ ಪಠ್ಯದಲ್ಲಿ ಆಗ ಆಫ್ರಿಕಾಕ್ಕೆಂದೇ ಒಂದು ಪತ್ರಿಕೆ ಇತ್ತು. ಹುಡುಗರ ಕೈಯಲ್ಲಿ ಇದ್ದದ್ದು ಒಂದು ತೆಳ್ಳನೆಯ ಗೈಡು. ಅದರ ಮೊದಲ ಸಾಲು ಹೀಗಿತ್ತು: "ಆಫ್ರಿಕಾ ಒಂದು ಕತ್ತಲೆಯ ಖಂಡ. ಯುರೋಪಿಯನ್ನರು ಬರುವ ಮುಂಚೆ ಅಲ್ಲಿ ಇತಿಹಾಸವಿರಲಿಲ್ಲ." ಪರೀಕ್ಷೆಯಲ್ಲಿ ಅದನ್ನೇ ಬರೆದ ಹುಡುಗನಿಗೆ ಸೊನ್ನೆ ಹಾಕಿದೆ. ಅವನು ಗೈಡು ತಂದು ನನ್ನ ಮೇಜಿನ ಮೇಲಿಟ್ಟು, "ಇದ್ರಾಗ ಹಂಗ ಐತ್ರಿ ಮೇಡಂ, ನನ್ನ ಮಾರ್ಕ್ಸ್ ಕೊಡ್ರಿ" ಎಂದ. ಕನ್ನಡದಲ್ಲಿ ಅವನ ಕೈಗೆ ಕೊಡಲು ನನ್ನ ಹತ್ತಿರ ಬೇರೇನೂ ಇರಲಿಲ್ಲ. ಮಾರ್ಕ್ಸ್ ಕೊಟ್ಟು ಕಳಿಸಿದೆ. ಆ ವಾರವೇ ಓದಲು ಕುಳಿತೆ.

ಕಲಬುರಗಿಯಿಂದ ಇಂಗ್ಲಿಷ್ ಪುಸ್ತಕಗಳನ್ನು ಕಾಡಿ ಬೇಡಿ ತರಿಸಿಕೊಂಡೆ. ಮೊಬೈಲಿನಲ್ಲಿ ಲೇಖನಗಳನ್ನು ಇಳಿಸಿಕೊಂಡು ಬಸ್ಸಿನಲ್ಲಿ ಕಣ್ಣು ಕಿರಿದು ಮಾಡಿ ಓದಿದೆ. ನೈಲ್ ನದಿಯ ಮೆರೋಯಿಯಲ್ಲಿ ಕಬ್ಬಿಣ ಕರಗಿಸಿದವರು, ಅಕ್ಸುಮ್‌ನಲ್ಲಿ ಒಂದೇ ಕಲ್ಲಿನ ಆಕಾಶದೆತ್ತರದ ಕಂಬ ನಿಲ್ಲಿಸಿದವರು, ಟಿಂಬಕ್ಟುವಿನಲ್ಲಿ ಹಸ್ತಪ್ರತಿಗಳನ್ನು ಮನೆಯ ಸಂದೂಕದಲ್ಲಿಟ್ಟು ತಲೆಮಾರುಗಟ್ಟಲೆ ಕಾಯ್ದವರು, ಇವರನ್ನೆಲ್ಲ ಓದಿದ ಮೇಲೆ ಗೈಡಿನ ಆ ಸಾಲು ನೆನಪಾದಾಗಲೆಲ್ಲ ಮೈ ಉರಿಯುತ್ತಿತ್ತು. ಜಿಂಬಾಬ್ವೆಯಲ್ಲಿ ಸುಣ್ಣ ಗಾರೆ ಇಲ್ಲದೆ ಬರೀ ಕಲ್ಲು ಜೋಡಿಸಿ ಎಬ್ಬಿಸಿದ ದೊಡ್ಡ ಗೋಡೆಗಳಿವೆ. ಕಟ್ಟಿದವರು ಅಲ್ಲಿನವರೇ ಎಂದು ಅಗೆದು ನೋಡಿದ ವಿದ್ವಾಂಸರು ಹೇಳಿದರೂ, ಆಗ ಆಳುತ್ತಿದ್ದ ಬಿಳಿಯರ ಸರ್ಕಾರ ಹಾಗೆ ಬರೆಯದಂತೆ ಒತ್ತಡ ಹಾಕಿತ್ತು. ಕೆಲವರು ಬಗ್ಗಿದರು, ಕೆಲವರು ದೇಶ ಬಿಟ್ಟು ಹೋದರು. ಬಗ್ಗಿದವರ ಬಗ್ಗೆ ನಾನು ಬಹಳ ಖಾರವಾಗಿ ಬರೆದೆ. ಸಿಂಧನೂರಿನಲ್ಲಿ ಫ್ಯಾನಿನ ಕೆಳಗೆ ಕೂತು ಖಾರವಾಗಿ ಬರೆಯಲು ಏನೂ ಖರ್ಚಿಲ್ಲ.

ಏಳನೆಯ ಅಧ್ಯಾಯ ಜೋಳದ್ದು. ಅದು ನನ್ನ ಮುದ್ದಿನದು. ನಾವು ದಿನಾ ರೊಟ್ಟಿ ಬಡಿಯುವ ಜೋಳ ಹುಟ್ಟಿದ್ದು ಆಫ್ರಿಕಾದಲ್ಲಿ. ಪೂರ್ವ ಸುಡಾನಿನ ರೈತರು ಐದು ಸಾವಿರ ವರ್ಷದ ಹಿಂದೆಯೇ ಅದನ್ನು ಕಾಡಿನಿಂದ ಹೊಲಕ್ಕೆ ತಂದಿದ್ದರು. ಅದು ನಮ್ಮ ಕಡೆಗೆ ಬಂದು ನಾಲ್ಕು ಸಾವಿರ ವರ್ಷದ ಆಸುಪಾಸು ಆಗಿರಬೇಕು. ಸಜ್ಜೆ, ರಾಗಿ, ಅಲಸಂದಿ, ಇವುಗಳ ಕಥೆಯೂ ಹೀಗೇ. ನಮ್ಮ ಹುಡುಗರಿಗೆ ಮೆರೋಯಿ ದೂರ, ಅಕ್ಸುಮ್ ದೂರ. ತಾಟಿನಲ್ಲಿರುವ ರೊಟ್ಟಿ ಮಾತ್ರ ದೂರದ್ದಲ್ಲ. ಅಲ್ಲಿಂದ ಹಿಡಿದರೆ ಇಡೀ ಖಂಡ ಕೈಗೆ ಸಿಗುತ್ತದೆ ಎಂದು ನನ್ನ ನಂಬಿಕೆ. ಮಿಕ್ಕ ಅಧ್ಯಾಯಗಳನ್ನು ನಾನು ಓದಿ ಬರೆದೆ. ಇದನ್ನು ಹಸಿದು ಬರೆದೆ ಅನ್ನಬಹುದು.

ಬರೆದು ಮುಗಿಸಿದ ಮೇಲೆ ಪ್ರಕಾಶಕರ ಬಾಗಿಲು ಬಡಿಯುವ ಕೆಲಸ. ಒಬ್ಬರು, ಪ್ರವಾಸಕಥನವಾಗಿದ್ದರೆ ನೋಡಬಹುದಿತ್ತು, ನೀವು ಅಲ್ಲಿಗೆ ಹೋಗಿದ್ದೀರಾ ಎಂದು ಕೇಳಿದರು. ನಾನು ಮಂತ್ರಾಲಯದ ಆಚೆ ಹೋದವಳಲ್ಲ. ಇನ್ನೊಬ್ಬರು ಸ್ಪರ್ಧಾತ್ಮಕ ಪರೀಕ್ಷೆಗೆ ಆಗುವ ಹಾಗೆ ಪ್ರಶ್ನೋತ್ತರ ಮಾಡಿ ಕೊಡಿ ಎಂದರು. ಉಳಿದವರು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಅಷ್ಟರಲ್ಲಿ ಪಠ್ಯ ಬದಲಾಗಿ ಆಫ್ರಿಕಾದ ಪತ್ರಿಕೆಯನ್ನೇ ತೆಗೆದುಹಾಕಿದರು. ಇನ್ನು ಗೈಡು ಕೂಡ ಬೇಡವಾಯಿತು, ನನ್ನ ಪುಸ್ತಕದ ಗತಿ ಏನು ಹೇಳುವುದು? ಹಸ್ತಪ್ರತಿಯನ್ನು ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟೆ.

ಆಗ ಎದುರಾದವನು ಅಮರಗುಂಡಪ್ಪ. ಗುರುಗುಂಟಾದ ಜಮೀನುದಾರರ ಮನೆಯವನು, ನನ್ನ ಹಳೆಯ ವಿದ್ಯಾರ್ಥಿ, ಈಗ ಲಿಂಗಸುಗೂರಿನಲ್ಲಿ ಜೋಳ ತೊಗರಿಯ ದಲಾಲಿ ಅಂಗಡಿ ಇಟ್ಟಿದ್ದಾನೆ. ಅವನ ತಾಯಿ ಸಂಗಮ್ಮ ತೀರಿಕೊಂಡು ವರ್ಷವಾಗುತ್ತಿತ್ತು. ನಮ್ಮ ಕಡೆ ಉಳ್ಳವರ ಮನೆಯ ಪುಣ್ಯಸ್ಮರಣೆಗೆ ಬಂದವರನ್ನು ಬರಿಗೈಲಿ ಕಳಿಸುವುದಿಲ್ಲ. ಊಟವಾದ ಮೇಲೆ ಸ್ಟೀಲಿನ ತಾಟೋ ಡಬ್ಬಿಯೋ ಕೊಡುತ್ತಾರೆ. ಇನ್ನೂ ಸ್ವಲ್ಪ ಮೇಲಿನವರಾದರೆ ಪುಸ್ತಕ ಹಾಕಿಸಿ ಹಂಚುತ್ತಾರೆ. ಪುಸ್ತಕ ದಾಸೋಹ ಅನ್ನುತ್ತಾರೆ. ಮೊದಲ ಪುಟದಲ್ಲಿ ಹೋದವರ ಬಣ್ಣದ ಫೋಟೋ, ಎರಡನೆಯದರಲ್ಲಿ ಸ್ವಾಮಿಗಳ ಆಶೀರ್ವಚನ, ಆಮೇಲೆ ಒಳಗೆ ಏನಿದ್ದರೂ ನಡೆದೀತು. ಸಾಮಾನ್ಯವಾಗಿ ವಚನವೋ ಭಜನೆ ಪದವೋ ಇರುತ್ತದೆ.

"ಮೇಡಂ, ವಚನದ ಪುಸ್ತಕ ಎಲ್ಲಾರ ಮನ್ಯಾಗೂ ಏಳೆಂಟು ಬಿದ್ದಾವ" ಎಂದ ಅಮರಗುಂಡಪ್ಪ. "ನಮ್ಮವ್ವನ ಹೆಸರಿಲೆ ಹೊಸಾದು ಏನರ ಹಾಕಸೂಣು ಅಂತ ಮಾಡೀನಿ. ನೀವು ಆಫ್ರಿಕಾದ್ದು ಬರದು ಇಟ್ಟೀರಂತಲ್ಲ, ಅದನ್ನ ಕೊಟ್ಟುಬಿಡ್ರಿ."

"ಮೊದ್ಲು ಒಂದ್ಸಲ ಓದಿ ನೋಡಪ್ಪಾ."

"ನೀವು ಬರದದ್ದು, ನಾ ಏನ್ ಓದಿ ನೋಡೋದ್ರೀ!"

ಇದನ್ನು ನಾನು ಗೌರವ ಅಂದುಕೊಂಡೆ. ಬೀರುವಿನಿಂದ ಹಸ್ತಪ್ರತಿ ಹೊರಗೆ ಬಂತು.

ಅಚ್ಚಿನ ಕೆಲಸ ಸಿಂಧನೂರಿನ ಅಖ್ತರಬೇಗಂಗೆ ಹೋಯಿತು. ಗಂಡ ತೀರಿಕೊಂಡ ಮೇಲೆ ಪ್ರೆಸ್ಸನ್ನು ಅವಳೇ ನಡೆಸುತ್ತಾಳೆ. ಲಗ್ನಪತ್ರಿಕೆ, ರಸೀದಿ ಪುಸ್ತಕ, ಎಲೆಕ್ಷನ್ ಬಂದರೆ ಕರಪತ್ರ, ಇವೇ ಅವಳ ನಿತ್ಯದ ಕೆಲಸ. ಮುನ್ನೂರು ಪುಟದ ಪುಸ್ತಕವೆಂದರೆ ಅವಳಿಗೂ ಹುರುಪು. ಹದಿನಾರು ಪುಟಗಳನ್ನು ಒಂದೇ ದೊಡ್ಡ ಹಾಳೆಯಲ್ಲಿ ಅಚ್ಚು ಹಾಕಿ ಮಡಚುತ್ತಾರೆ, ಅದಕ್ಕೆ ಫಾರಂ ಅನ್ನುತ್ತಾರೆ. ಒಂದೊಂದೇ ಫಾರಂ ಮಡಚಿ ಗೋಡೆಗುಂಟ ಒಟ್ಟುತ್ತಿದ್ದರು. ನಾನು ಸಂಜೆ ಬಸ್ಸಿಳಿದು ನೆಟ್ಟಗೆ ಅಲ್ಲಿಗೇ ಹೋಗಿ, ಒಟ್ಟಿದ ರಾಶಿಯ ಮೇಲೆ ಕೈಯಾಡಿಸಿ ಮನೆಗೆ ಹೋಗುತ್ತಿದ್ದೆ. ಹೊಸ ಕರುವಿನ ಮೈ ಸವರಿದ ಹಾಗೆ ಸವರುತ್ತೀರಲ್ಲ ಎಂದು ಅಖ್ತರಬೇಗಂ ನಗುತ್ತಿದ್ದಳು.

ಎಲ್ಲ ಫಾರಂ ಮುಗಿದು ಹೊಲಿಗೆಗೆ ಹೋಗಬೇಕು ಅನ್ನುವಾಗ, ಅಮರಗುಂಡಪ್ಪನ ಅಣ್ಣ ಸಂಗನಬಸವ ಪ್ರೆಸ್ಸಿಗೆ ಬಂದರು. ಗುರುಗುಂಟಾದಲ್ಲಿ ಹೊಲಮನೆ ನೋಡಿಕೊಳ್ಳುವ ಹಿರಿಯರು. ತಾಯಿಯ ಫೋಟೋದ ಬಣ್ಣ ಸರಿಯಾಗಿ ಬಂದಿದೆಯೋ ಇಲ್ಲವೋ ನೋಡಲು ಬಂದವರು, ಕೂತಲ್ಲಿ ಬೇಸರ ಕಳೆಯಲು ಹತ್ತಿರದ ರಾಶಿಯಿಂದ ಒಂದು ಫಾರಂ ಎತ್ತಿಕೊಂಡರು. ನನ್ನ ಗ್ರಹಚಾರಕ್ಕೆ ಅದು ಏಳನೆಯ ಅಧ್ಯಾಯ.

ಮರುದಿನ ಮಧ್ಯಾಹ್ನ ಕಾಲೇಜಿನಿಂದಲೇ ನನ್ನನ್ನು ದಲಾಲಿ ಅಂಗಡಿಗೆ ಕರೆಸಿದರು. ಒಳಗೆ ಮಾಳಿಗೆ ಮುಟ್ಟುವಷ್ಟು ಜೋಳದ ಚೀಲ, ಹೊಟ್ಟಿನ ಧೂಳು. ಕುರ್ಚಿ ಹಾಕಿ, ಚಹ ತರಿಸಿ, ಆಮೇಲೆ ಸಂಗನಬಸವ ಮಾತು ತೆಗೆದರು.

"ಮೇಡಂ, ನೀವು ಓದಿದವ್ರು. ಒಂದ್ ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಮ್ಮವ್ವ ಎಷ್ಟು ಮಂದಿಗೆ ರೊಟ್ಟಿ ಬಡದು ನೀಡ್ಯಾಳ ಗೊತ್ತೈತೇನ್ರಿ? ಜಂಗಮರು, ದಾರಿಹೋಕರು, ಯಾರ ಬಂದ್ರೂ ಬಿಸಿ ರೊಟ್ಟಿ. ಅಂಥಾಕಿ ಫೋಟೋ ಮುಂದ ಹಾಕಿ, ಒಳಗ ಆ ಜೋಳ ಆಫ್ರಿಕಾದ ಹಬಶ್ಯಾರ್ದು ಅಂತ ಬರದೀರಿ. ಇದು ಛಲೋ ಕಾಣ್ತೈತೇನ್ರಿ?"

"ಅದ್ರಾಗ ಕೆಟ್ಟದ್ದೇನೈತ್ರೀ? ಅವ್ರೂ ನಮ್ಮಂಗ ರೈತ್ರು. ನಿಮ್ಮವ್ವ ಹೆಂಗ ಬಂದವ್ರಿಗೆ ಉಣಿಸ್ಯಾರೋ, ಅಲ್ಲಿ ಹೆಣ್ಮಕ್ಳೂ ಹಂಗ ಬೀಸಿ ಬೇಯಿಸಿ ಉಣಿಸ್ಯಾರ."

"ನಮ್ಮವ್ವನ್ನ ಅವ್ರ ಜೋಡಿ ಹಚ್ಚಬ್ಯಾಡ್ರಿ!" ಅವರ ದನಿ ಏರಿತು. ಹೊರಗೆ ಚೀಲ ಹೊಲಿಯುತ್ತಿದ್ದವರು ಕತ್ತು ಎತ್ತಿ ನೋಡಿದರು.

ಅಮರಗುಂಡಪ್ಪ ನಡುವೆ ಬಾಯಿ ಹಾಕಿದ. "ಅಣ್ಣನ ಮಾತು ಬಿಡ್ರಿ ಮೇಡಂ. ನನ್ನ ತ್ರಾಸು ಕೇಳ್ರಿ. ನನ್ನ ಧಂದೆ ಬಿಳಿಜೋಳದ್ದು. ನಾಳೆ ಬಜಾರದಾಗ ಮಂದಿ ನಗ್ತಾರ. ಹಬಶಿ ಜೋಳ ಹೆಂಗ ಕೊಟ್ಟಿ ಅಂತ ಕೇಳ್ತಾರ. ಅದೊಂದು ಪಾಠ ತೆಗದುಬಿಡ್ರಿ. ಉಳಿದದ್ದೆಲ್ಲಾ ಇರ್ಲಿ. ರಾಜರು, ಕ್ವಾಟಿ, ಬಂಗಾರ, ಏನ್ ಬೇಕಾದ್ರೂ ಇರ್ಲಿ."

ಬಂಗಾರ ಅವರದ್ದಾಗಿದ್ದರೆ ನಡೆಯುತ್ತದೆ, ರೊಟ್ಟಿ ಅವರದ್ದಾಗಬಾರದು. ಬಾಯಿಯ ತನಕ ಬಂದ ಮಾತನ್ನು ನುಂಗಿ, "ನಾ ಬರದದ್ದು ಖರೇ ಐತ್ರೀ" ಎಂದೆ.

"ಖರೇನೋ ಸುಳ್ಳೋ ನಾವು ಕೇಳಾಕತ್ತಿಲ್ರಿ" ಎಂದರು ಸಂಗನಬಸವ. "ತೆಗದ್ರ ಪುಸ್ತಕ. ಇಲ್ಲಂದ್ರ ಸ್ಟೀಲ್ ಡಬ್ಬಿ ಕೊಡ್ತೀವಿ. ಅಂಗಡ್ಯಾಂವಗ ಹೇಳಿ ಇಟ್ಟೀನಿ."

ನಾಳೆ ಹೇಳುತ್ತೇನೆ ಎಂದು ಎದ್ದೆ. ಚಹದ ಲೋಟ ಹಾಗೇ ಉಳಿಯಿತು.

ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತ್ತು. ಸಂತೆಕಲ್ಲೂರು ದಾಟುವವರೆಗೂ ನಾನು ಅವರಿಬ್ಬರನ್ನೂ ಮನಸ್ಸಿನಲ್ಲೇ ಚೆನ್ನಾಗಿ ಬೈದೆ. ಎರಡೂ ಕಡೆ ಜೋಳ ತೆನೆಗೆ ಬಂದಿತ್ತು. ಆಮೇಲೆ ಬೈಗುಳ ಮುಗಿದು ಲೆಕ್ಕ ಶುರುವಾಯಿತು. ತೆಗೆಯುವುದಿಲ್ಲ ಅಂದರೆ ಪುಸ್ತಕ ಮತ್ತೆ ಸೀರೆಗಳ ಕೆಳಗೆ. ಇನ್ನೊಬ್ಬ ಅಮರಗುಂಡಪ್ಪ ಸಿಗುವುದಿಲ್ಲ. ಇನ್ನೂ ಹತ್ತು ಪ್ರಕಾಶಕರಿಗೆ ಬರೆಯಬಹುದು, ಆದರೆ ಬರೆಯುವ ಕೈ ಯಾರದ್ದು? ಜಿಂಬಾಬ್ವೆಯ ಗೋಡೆಗಳ ಬಗ್ಗೆ ಬರೆದದ್ದು ನೆನಪಾಗದೆ ಇರಲಿಲ್ಲ. ದೇಶ ಬಿಟ್ಟು ಹೋದ ಆ ವಿದ್ವಾಂಸರ ಮೊಣಕಾಲು ಗಟ್ಟಿ ಇದ್ದವೇನೋ. ನನಗೆ ಮಾತ್ರ ಮಸ್ಕಿಯಲ್ಲಿ ಇಳಿದು ಮುಂದಿನ ಬಸ್ಸಿನಲ್ಲಿ ನಿಂತು ಹೋಗಬೇಕಾಗುತ್ತದಲ್ಲ ಅನ್ನುವುದೇ ದೊಡ್ಡ ಚಿಂತೆಯಾಗಿತ್ತು.

ಪ್ರೆಸ್ಸಿಗೆ ಹೋಗಿ, "ಏಳನೇದು ತೆಗದುಬಿಡು ಅಖ್ತರ್" ಎಂದೆ.

"ಅರೆ! ಅದು ಪೂರಾ ಒಂದು ಫಾರಂ ಐತ್ರಿ ಮೇಡಂ. ತೆಗದ್ರ ಪುಟದ ನಂಬರಿನ್ಯಾಗ ನಡುವ ಹದಿನಾರು ಪುಟ ಖಾಲಿ ಬೀಳ್ತಾವ."

"ಅವ್ರ ಮನೆತನದ ಫೋಟೋ ಹಾಕು. ಕೊಡ್ತಾರ."

ಅವಳು ಕನ್ನಡಕ ತೆಗೆದು ನನ್ನನ್ನೇ ನೋಡಿದಳು. "ಪಾಠ ನಂಬರ್? ಆರು ಆದ ಮ್ಯಾಗ ಎಂಟು ಬರ್ತೈತಿ."

"ಬರ್ಲಿ. ಯಾರು ಎಣಸ್ತಾರ."

"ಒಂದೀಟು ಜಗಳರ ಮಾಡ್ಬೇಕಿಲ್ರಿ ಮೇಡಂ ಅವ್ರ ಜೋಡಿ."

"ಮಾಡಾಕ ಆಗ್ಲಿಲ್ಲ. ಸಾಕಾಗೇತಿ ನನಗ" ಎಂದೆ. ಹೇಳಿದ ಮೇಲೆ ಅದು ಎಷ್ಟು ನಿಜ ಎಂದು ನನಗೇ ಗೊತ್ತಾಯಿತು. ಅವಳು ಕನ್ನಡಕ ಏರಿಸಿಕೊಂಡು ಏಳನೆಯದರ ರಾಶಿಯನ್ನು ಬದಿಗೆ ಸರಿಸಿದಳು.

ಪುಣ್ಯಸ್ಮರಣೆ ಗುರುಗುಂಟಾದ ಅವರ ಹೊಲದಲ್ಲಿ, ಸಂಗಮ್ಮನನ್ನು ಮಣ್ಣು ಮಾಡಿದ ಗದ್ದುಗೆಯ ಮುಂದೆ ನಡೆಯಿತು. ಶಾಮಿಯಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಪುಸ್ತಕದ ಮೊದಲ ಪ್ರತಿಯನ್ನು ಗದ್ದುಗೆಯ ಮೇಲಿಟ್ಟು, ವಿಭೂತಿ ಹಚ್ಚಿ, ಹೂವೇರಿಸಿ, ಕಾಯಿ ಒಡೆದರು. ಆಫ್ರಿಕಾ ಖಂಡಕ್ಕೆ ನಮ್ಮ ಸೀಮೆಯಲ್ಲಿ ಮಂಗಳಾರತಿಯಾಯಿತು. ಸ್ವಾಮಿಗಳು ತಾಯಿಯ ಮಹಿಮೆ ಕುರಿತು ಚೆನ್ನಾಗಿ ಮಾತಾಡಿದರು, ನಡುವೆ ಒಮ್ಮೆ ಆಫ್ರಿಕಾ ಅಂದರು. ನನಗೆ ಶಾಲು ಹೊದಿಸಿದರು. ಅಮರಗುಂಡಪ್ಪ ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಅವನ ಕಣ್ಣಲ್ಲಿ ನೀರಿತ್ತು. ಕೆಟ್ಟವನಲ್ಲ ಅವನು. ಕೆಟ್ಟವನಾಗಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಪಂಕ್ತಿಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಸಜ್ಜಕ. ರೊಟ್ಟಿಯ ತುತ್ತು ಗಂಟಲಲ್ಲಿ ಸಿಕ್ಕಿಕೊಂಡಿತು ಎಂದು ಬರೆದರೆ ಚಂದ ಕಾಣುತ್ತದೆ. ಹಾಗೇನೂ ಆಗಲಿಲ್ಲ. ಹಸಿದಿದ್ದೆ, ಎರಡು ರೊಟ್ಟಿ ಉಂಡೆ, ಮತ್ತರ್ಧ ಹಾಕಿಸಿಕೊಂಡೆ. ಪಕ್ಕದಲ್ಲಿ ಕುಳಿತಿದ್ದ ಗ್ಯಾನಮ್ಮ ಎಂಬ ಹೆಂಗಸು ಕೈ ತೊಳೆದು ಬಂದು ಪುಸ್ತಕವನ್ನು ಕಣ್ಣಿಗೊತ್ತಿಕೊಂಡು ಸೆರಗಿನಲ್ಲಿ ಸುತ್ತಿದಳು.

"ಓದ್ತೀರೇನ್ರಿ?" ಎಂದು ಕೇಳಿದೆ.

"ಯವ್ವಾ, ದೇವ್ರ ಪುಸ್ತಕ ಹಂಗ ಯಾವಾಗರ ಓದಾಕ ಬರ್ತೈತೇನ್ರಿ? ದೇವ್ರ ಜಗಲಿ ಮ್ಯಾಲ ಇಡ್ತೀನಿ. ಶ್ರಾವಣದಾಗ ಮೊಮ್ಮಗಳ ಕಡಿಂದ ಓದಸ್ತೀನಿ."

ಎಂಟುನೂರು ಮನೆಯ ಜಗಲಿ ಸೇರಿತು ನನ್ನ ಪುಸ್ತಕ. ನನ್ನ ಪಾಲಿಗೆ ಬಂದ ಪ್ರತಿಯನ್ನು ಬಸ್ಸಿನಲ್ಲಿ ಬಿಡಿಸಿದೆ. ಆರನೆಯ ಅಧ್ಯಾಯ ಮುಗಿದು ಪುಟ ತಿರುಗಿಸಿದರೆ ಸಂಗಮ್ಮ ಹೊಸ ಟ್ರ್ಯಾಕ್ಟರಿಗೆ ಆರತಿ ಎತ್ತುವ ಫೋಟೋ, ಆಮೇಲೆ ಮೊಮ್ಮಕ್ಕಳ ತೊಟ್ಟಿಲು, ಶ್ರೀಶೈಲದ ಪಾದಯಾತ್ರೆ. ಹದಿನಾರು ಪುಟ ದಾಟಿದ ಮೇಲೆ ಎಂಟನೆಯ ಅಧ್ಯಾಯ. ಮುಚ್ಚಿ ಚೀಲದಲ್ಲಿ ಹಾಕಿಕೊಂಡೆ. ಅಳು ಬರಬಹುದು ಅಂದುಕೊಂಡಿದ್ದೆ, ಬರಲಿಲ್ಲ, ನಿದ್ದೆ ಬಂತು.

ಇದಾಗಿ ಹದಿನೈದು ದಿನ ಕಳೆದಿರಬಹುದು. ಕಾಲೇಜು ಮುಗಿಸಿ ಮಸ್ಕಿಯಲ್ಲಿ ಇಳಿದು ಸಿಂಧನೂರು ಬಸ್ಸಿಗೆ ಕಾಯುತ್ತ ಕೂತಿದ್ದೆ. ಬಸ್‌ಸ್ಟ್ಯಾಂಡಿನ ಮೂಲೆಯಲ್ಲಿ ಶೇಖರಮ್ಮನ ಮಿರ್ಚಿ ಬಂಡಿ. ಎಣ್ಣೆಯ ವಾಸನೆಗೆ ಬಾಯಲ್ಲಿ ನೀರೂರಿದರೂ ಡಾಕ್ಟರ ಮಾತು ನೆನಪಾಗಿ ಸುಮ್ಮನಿದ್ದೆ. ನನ್ನ ಬೆಂಚಿನ ಇನ್ನೊಂದು ತುದಿಗೆ ರುಮಾಲಿನ ಮುದುಕನೊಬ್ಬ ಕೂತಿದ್ದ, ಪಕ್ಕದಲ್ಲಿ ಒಂದು ಗೊಬ್ಬರದ ಚೀಲ. ಮಿರ್ಚಿ ತಿಂದು ಮುಗಿಸಿ, ಕಟ್ಟಿಕೊಟ್ಟಿದ್ದ ಕಾಗದವನ್ನು ತೊಡೆಯ ಮೇಲೆ ಹರವಿಕೊಂಡು, ಅಕ್ಷರಕ್ಕೆ ಬೆರಳಿಟ್ಟು, ಒಂದೊಂದೇ ಪದ ಬಾಯಿಬಿಟ್ಟು ಓದುತ್ತಿದ್ದ.

"ಗಡಿಗೆ ಮಾಡುವವರು ಮಣ್ಣಿಗೆ ಹೊಟ್ಟು ಬೆರೆಸುವುದು ಎಲ್ಲ ಕಡೆ ಇದ್ದದ್ದೇ..."

ಆ ಸಾಲು ನನ್ನದು. ಆ "ಇದ್ದದ್ದೇ"ಯನ್ನು ಇಡಬೇಕೋ ತೆಗೆಯಬೇಕೋ ಎಂದು ಒಂದು ಭಾನುವಾರ ಪೂರ್ತಿ ಒದ್ದಾಡಿದ್ದೆ. ಬಂಡಿಯ ಕಡೆ ನೋಡಿದರೆ ಕಟ್ಟು ಕಟ್ಟು ಅದೇ ಕಾಗದ, ಎಣ್ಣೆ ಕುಡಿದು ಕನ್ನಡಿಯಾಗಿತ್ತು. ಬೇಡವಾದ ಫಾರಂಗಳನ್ನು ಅಖ್ತರಬೇಗಂ ರದ್ದಿಗೆ ಹಾಕಿದ್ದಳು. ಅವಳನ್ನು ಏನೆಂದು ಬೈಯಲಿ? ಬೇಡ ಅಂದವಳು ನಾನು, ಅವುಗಳನ್ನೇನು ಮಾಡುತ್ತೀ ಎಂದು ಕೇಳದವಳೂ ನಾನು. ನಾಚಿಕೆಯಾಗಿ ಮುಖ ಆ ಕಡೆ ತಿರುಗಿಸಿಕೊಂಡೆ.

"ಶೇಖರಮ್ಮಾ, ಯಾವ ಮೂಳ ಬರದಾನ ಇದನ್ನ?" ಮುದುಕ ಅಲ್ಲಿಂದಲೇ ಕೂಗಿದ.

"ಏನಾತೋ ದುರುಗಪ್ಪಣ್ಣ?"

"ಜೋಳ ನಮ್ದಲ್ಲಂತ! ಸಮುದ್ರ ದಾಟಿ ಬಂದೈತಂತ! ನಮ್ಮ ಮುತ್ಯಾ, ಅವನ ಮುತ್ಯಾ, ಎಲ್ಲಾರೂ ಬಿತ್ತ್ಯಾರ. ಇಂವ ಯಾಂವ ಹೇಳಾಕ?"

"ಬಜಿ ಕಾಗದ ಯಾರರ ಓದ್ತಾರೇನೋ? ಉಂಡಿ ಮಾಡಿ ಒಗಿ."

"ಒಗಿಯಂಗಿಲ್ಲ, ಇರು. ಹಳೇ ಗಡಿಗಿ ಚೂರಿನ್ಯಾಗ ಜೋಳದ ಹೊಟ್ಟಿನ ಅಚ್ಚು ಬಿದ್ದಾವಂತ. ಅದು ಕಾಡುಜೋಳ ಅಲ್ಲ, ಬಿತ್ತಿ ಬೆಳದದ್ದು ಅಂತ ಹೆಂಗ ಗೊತ್ತಾಗ್ತೈತಿ ಅಂದ್ರ... ಅಂತ ಬರದು ಹಾಳಿ ಮುಗದೈತಿ. ಮುಂದಿನ ಹಾಳಿ ಕೊಡು."

"ಯಾವ್ದಂತ ಹುಡುಕ್ಲೋ ನಾನು? ಗಿರಾಕಿ ನಿಂತಾವ. ಇನ್ನೊಂದು ಪ್ಲೇಟ್ ತಗೋ, ಬಂದ್ರ ಬಂತು."

ಅವನು ನಿಜವಾಗಿಯೂ ಇನ್ನೊಂದು ಪ್ಲೇಟ್ ತೆಗೆದುಕೊಂಡ. ಮಿರ್ಚಿಗಳನ್ನು ಬೆಂಚಿನ ಮೇಲೆ ಸುರಿದು ಕಾಗದ ಬಿಡಿಸಿ ನೋಡಿದ. "ಇದು ರಾಗಿದು" ಎಂದು ಬದಿಗಿಟ್ಟ. ಮತ್ತೊಂದು ತಂದ. ಅದರಲ್ಲಿ ಅಧ್ಯಾಯದ ಮೊದಲ ಪುಟ ಬಂದಿತ್ತು. ಶೇಖರಮ್ಮ ಜಾಲರಿ ಸೌಟು ಕುಟ್ಟಿ, "ಹೊಟ್ಟಿ ಕೆಡ್ತೈತೋ ಮುದುಕಾ" ಎಂದು ನಕ್ಕಳು.

"ಕೆಡ್ಲಿ. ಪುರಾವೆ ನೋಡದ ನಾ ಎದ್ದು ಹೋಗಂಗಿಲ್ಲ."

ಅಷ್ಟರಲ್ಲಿ ಸಿಂಧನೂರಿನ ಬಸ್ಸು ಬಂತು. ಎದ್ದೆ. ಜನ ಬಾಗಿಲಿಗೆ ಮುತ್ತಿದರು; ನನಗೆ ಹೇಗೋ ಕಂಬಿ ಸಿಕ್ಕಿತು. ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟವಳು ಅಲ್ಲೇ ನಿಂತೆ. ಕಾಲೇಜಿನಲ್ಲಿ ಇಪ್ಪತ್ತು ವರ್ಷ ಪಾಠ ಮಾಡಿದ್ದೆ, ದಲಾಲಿ ಅಂಗಡಿಯಲ್ಲಿ ಮರ್ಯಾದೆಯಿಂದ ಕುರ್ಚಿ ಹಾಕಿಸಿಕೊಂಡಿದ್ದೆ, ಗದ್ದುಗೆಯ ಮುಂದೆ ಶಾಲು ಹೊದ್ದಿದ್ದೆ. ಹೆಂಗ ಗೊತ್ತಾಗ್ತೈತಿ ಎಂದು ಇವತ್ತಿನವರೆಗೆ ಯಾರೂ ಕೇಳಿರಲಿಲ್ಲ. ಅವತ್ತು ಬರದೇ ಉಳಿದ ಅಳು ಈ ಬಸ್ಸಿನ ಬಾಗಿಲಲ್ಲಿ, ಅಷ್ಟು ಜನರ ನಡುವೆ ಬಂತು. "ಏನಮ್ಮಾ, ಹತ್ತಿದ್ರ ಹತ್ತು, ಇಳದ್ರ ಇಳಿ" ಎಂದ ಕಂಡಕ್ಟರ್. ಇಳಿದೆ.

ಬೆಂಚಿನ ಹತ್ತಿರ ಹೋಗಿ, ಸೆರಗಿನಿಂದ ಮುಖ ಒರೆಸಿಕೊಂಡು, "ಅದನ್ನ ಬರದಾಕಿ ನಾನ್ರೀ" ಎಂದೆ.

ದುರುಗಪ್ಪ ತಲೆಯಿಂದ ಕಾಲಿನವರೆಗೆ ನನ್ನನ್ನು ನೋಡಿದ. ಮೂಳ ಅಂದದ್ದಕ್ಕೆ ಅವನಿಗೇನೂ ನಾಚಿಕೆಯಾದ ಹಾಗೆ ಕಾಣಲಿಲ್ಲ.

"ನೀವಾ? ಸುಳ್ಳು ಬರದೀರಿ."

"ಸುಳ್ಳಲ್ರೀ."

"ಹಂಗಾರ ಹೇಳ್ರಿ." ಗೊಬ್ಬರದ ಚೀಲವನ್ನು ಕೆಳಗಿಳಿಸಿ ಜಾಗ ಮಾಡಿದ. ಕುಳಿತೆ.

"ಕಾಡುಜೋಳ ಮಾಗಿದ್ರ ಏನಾಕ್ಕೈತ್ರೀ?"

"ಕಾಳು ತಾನ ಉದುರಿ ಹೊಕ್ಕೈತಿ."

"ನಾವು ಬಿತ್ತಿದ್ದು?"

"ಬಡದ್ರನ ಬಿಡೋದು. ಇದೇನು ಕೇಳೋ ಮಾತೇನ್ರಿ."

"ತಾನ ಉದುರಿದ್ದಕ್ಕ ಬುಡ ನುಣ್ಣಗ ಇರ್ತೈತಿ. ಬಡದು ಬಿಡಿಸಿದ್ದಕ್ಕ ಬುಡ ಹರದಿರ್ತೈತಿ. ಸುಡಾನದಾಗ ಸಿಕ್ಕ ಗಡಿಗಿ ಚೂರಿನ್ಯಾಗ ಹರದ ಬುಡದ ಅಚ್ಚು ಅದಾವ್ರಿ. ಐದು ಸಾವಿರ ವರ್ಷದ ಹಿಂದಿನ ಚೂರು. ಅಂದ್ರ ಅಲ್ಲಿ ಯಾರೋ ಬಿತ್ತ್ಯಾರ, ಕೊಯ್ದಾರ, ಕಣದಾಗ ಬಡದಾರ, ಉಳಿದ ಹೊಟ್ಟು ಕುಂಬಾರರಿಗೆ ಕೊಟ್ಟಾರ."

ಅವನು ಕೈಯೆತ್ತಿ ಹೆಬ್ಬೆರಳು ತೋರುಬೆರಳು ಕೂಡಿಸಿ, ಇಲ್ಲದ ಒಂದು ಕಾಳನ್ನು ಅಲ್ಲಿ ಹಿಡಿದು ತಿರುಗಿಸಿ ಅದರ ಬುಡ ನೋಡಿದ. ಬಸ್ಸು ಹಿಂದೆ ಸರಿದು, ತಿರುಗಿ, ಧೂಳೆಬ್ಬಿಸಿ ಹೋಯಿತು. ಮುಂದಿನದು ಇನ್ನು ದೀಪ ಹಚ್ಚುವ ಹೊತ್ತಿಗೆ.

"ಒಪ್ಪಂಗಿಲ್ಲ ನಾ" ಎಂದ ಕೊನೆಗೆ. "ಅಲ್ಲಿ ಬೆಳದಿದ್ರು ಅಂತ ಬೇಕಾದ್ರ ಇಟ್ಟುಕೊಳ್ರಿ. ಇಲ್ಲಿ ಮೊದ್ಲ ಇರ್ಲಿಲ್ಲ ಅಂತ ಹೆಂಗ ಹೇಳ್ತೀರಿ?"

ಬೆಂಚಿನ ಮೇಲೆ ಆರಿಹೋಗಿದ್ದ ಮಿರ್ಚಿಯೊಂದನ್ನು ನನ್ನ ಕಡೆ ಸರಿಸಿದ. ತಿಂದು, ಬೆರಳು ಒರೆಸಿಕೊಂಡು, ಅದಕ್ಕೂ ಉತ್ತರ ಹೇಳತೊಡಗಿದೆ.